ಹೊಲ ಯಾರದು, ಬೀಜ ಯಾರದು?

ಸುಸ್ಥಿರ ಬೇಸಾಯಕ್ಕೆ ಎಲ್ಲರೂ ಕೈಜೋಡಿಸಬೇಕಂತೆ. ಸರ್ಕಾರ, ವಿಜ್ಞಾನಿ, ಬ್ಯಾಂಕು, ರೈತ. ಜೋಡಿಸಲಿ, ಬೇಡ ಅಂದವರ್ಯಾರು? ಆದರೆ ಗೆಳೆಯರೇ, ಆ ಪಟ್ಟಿಯಲ್ಲಿ ಕಳೆ ಕೀಳುವ ನಮ್ಮ ಕೇರಿಯ ಹೆಂಗಸಿನ ಹೆಸರು ಎಲ್ಲಿದೆ? ಅವಳು ಕೂಲಿ. ಕೂಲಿಯವಳನ್ನು ಸಭೆಗೆ ಯಾರು ಕರೀತಾರೆ?

ಬೀದರಿನ ಗಡಿ ದಾಟಿದರೆ ತೆಲಂಗಾಣದ ಜಹೀರಾಬಾದ್. ಅಲ್ಲಿನ ಹೆಂಗಸರು ಈ ಪಟ್ಟಿಯನ್ನೇ ಬುಡಮೇಲು ಮಾಡಿದ್ದಾರೆ. 1983ರಲ್ಲಿ ಶುರುವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಜೊತೆ ಹಳ್ಳಿಹಳ್ಳಿಯಲ್ಲಿ ಸಂಘ ಕಟ್ಟಿಕೊಂಡ ಇವರಲ್ಲಿ ಹೆಚ್ಚಿನವರು ದಲಿತರು. ಇದ್ದದ್ದು ತುಂಡು ಜಮೀನು, ಅದರಲ್ಲೂ ಎಷ್ಟೋ ಬೀಳು. ಜೋಳದ ಸೀಮೆಯಲ್ಲಿ ಜನ ಪಡಿತರದ ಅಕ್ಕಿಗೆ ಕಾಯುತ್ತಿದ್ದರು. 1990ರ ದಶಕದಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಇಲಾಖೆಯ ಹಣ ಬಂತು, ಅದನ್ನು ನಿಭಾಯಿಸಿದ್ದು ಸಂಘದ ಹೆಂಗಸರು. ಬೀಳು ಉಳಲು, ಗೊಬ್ಬರ ಹಾಕಲು ಸಾಲ. ತೀರಿಸುವುದು ದುಡ್ಡಿನಲ್ಲಲ್ಲ, ಜೋಳದಲ್ಲಿ. ಆ ಜೋಳ ಊರಿನ ಕಣಜಕ್ಕೆ. ಯಾರ ಮನೆಯಲ್ಲಿ ಒಲೆ ಉರಿಯುತ್ತಿಲ್ಲ ಅನ್ನೋದು ತಾಲ್ಲೂಕು ಕಚೇರಿಗಿಂತ ಊರಿಗೆ ಚೆನ್ನಾಗಿ ಗೊತ್ತು. ಊರವರೇ ಕೂತು ಬಡವರನ್ನು ಗುರುತಿಸಿ ಅವರಿಗೆ ಕಡಿಮೆ ಬೆಲೆಗೆ ಕೊಟ್ಟರು.

ಬೀಜವೂ ಕಂಪನಿಯದಲ್ಲ. ಬೂದಿ, ಬೇವಿನೆಲೆ ಬೆರೆಸಿ ಮನೆಯಲ್ಲೇ ಕಾಪಾಡಿದ್ದು. ಒಯ್ದವಳು ಸುಗ್ಗಿಯಲ್ಲಿ ಹೆಚ್ಚಿಗೆ ಅಳೆದು ತಿರುಗಿಸುತ್ತಾಳೆ. ಒಂದೇ ಹೊಲದಲ್ಲಿ ಜೋಳ, ತೊಗರಿ, ನವಣೆ, ಹೆಸರು. ಮಳೆ ಕೈಕೊಟ್ಟರೆ ಒಂದಲ್ಲ ಒಂದು ಉಳಿಯುತ್ತೆ. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಅದಿರಲಿ ಬಿಡಿ. ಮೇಲ್ಜಾತಿಯ ರೈತರು ಬೀಜ ಕೇಳಿಕೊಂಡು ದಲಿತ ಹೆಂಗಸಿನ ಬಾಗಿಲಿಗೆ ಬಂದರಲ್ಲ, ಅದು ದೊಡ್ಡದು.

ಇಲಾಖೆ ಹಣ ಕೊಟ್ಟಿತು, ಸಂಸ್ಥೆ ಜೊತೆ ನಿಂತಿತು, ಊರು ಪಂಚಾಯ್ತಿ ಮಾಡಿತು. ಇದೂ ಸಹಕಾರವೇ. ಆದರೆ ಹೊಲ, ಬೀಜ, ಕಣಜದ ಬೀಗದಕೈ ದುಡಿಯುವವರ ಬಳಿ ಇದ್ದುದರಿಂದ ಅದು ಬಾಳಿತು. 2023ನ್ನು ಸಿರಿಧಾನ್ಯ ವರ್ಷ ಅಂತ ಜಗತ್ತೇ ಆಚರಿಸಿತು. ನಮ್ಮಜ್ಜಿಯರ ಬಡವರ ಕೂಳು ಈಗ ಪೇಟೆಯಲ್ಲಿ ಪೊಟ್ಟಣ ಕಟ್ಟಿ ಕೂತಿದೆ, ಕೊಳ್ಳಲು ನಮಗೇ ಆಗೋದಿಲ್ಲ!

ನಮ್ಮ ರಾಜ್ಯದಲ್ಲಿ ಪರಭಾರೆ ಮಾಡಿದ ಮಂಜೂರಿ ಜಮೀನು ಬಿಡಿಸಿಕೊಳ್ಳಲು 1978ರ ಪಿಟಿಸಿಎಲ್ ಕಾಯ್ದೆ ಇದೆ. ಅರ್ಜಿಗೆ ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿಯೂ ಆಯಿತು. ರಜೆಗೆ ಊರಿಗೆ ಹೋದಾಗ ಕೇರಿಯ ಪಹಣಿಗಳನ್ನು ತೆಗೆಸಿ ನೋಡಿ: ಯಾವುದು ಬೀಳು, ಯಾವುದು ಯಾರ ಕೈಲಿದೆ. ಹಾಸ್ಟೆಲಿಗೆ ಬರುವ ರಾಗಿ, ಜೋಳ ಯಾರಿಂದ ಕೊಳ್ಳುತ್ತಾರೆಂದು ವಾರ್ಡನ್ನರನ್ನು ಕೇಳಿ. ಕೇರಿಯ ಸಂಘದಿಂದಲೇ ಕೊಳ್ಳಲಿ ಎಂದು ಅರ್ಜಿ ಬರೆದು ಎಲ್ಲರೂ ಸಹಿ ಹಾಕಿ.