ಮೇವು ಕೊಯ್ಯುವವರು ಯಾರು?

ಸಾನಪಾಡಾ ಸ್ಟೇಷನ್ನಿನಲ್ಲಿ ಲೋಕಲ್‌ಗೆ ಕಾಯುವ ಹೊತ್ತಿಗೆ ಅಮ್ಮನ ವಿಡಿಯೊ ಕಾಲ್ ಬರುತ್ತದೆ. ಅಷ್ಟರಲ್ಲಿ ಗುಬ್ಬಿ ತಾಲ್ಲೂಕಿನ ನಮ್ಮ ಹೊಲದಲ್ಲಿ ಅವಳು ಒಂದು ಹೊರೆ ಹುಲ್ಲು ಕೊಯ್ದಿರುತ್ತಾಳೆ. ಮೊಬೈಲಿನ ತುಂಬಾ ಅವಳಿಗಿಂತ ಎತ್ತರದ ನೇಪಿಯರ್. ಅದನ್ನು ಹಾಕಿಸಿದವನು ನಾನೇ.

ಅಪ್ಪ ತೀರಿಕೊಂಡ ಮೇಲೂ ಎರಡು ಸೀಮೆಹಸು ಬಿಟ್ಟು ಇಲ್ಲಿಗೆ ಬರಲು ಅಮ್ಮ ಒಪ್ಪಲಿಲ್ಲ. ದೂರದಲ್ಲಿರುವ ಮಕ್ಕಳು ಮಾಡುವುದನ್ನೇ ನಾನೂ ಮಾಡಿದೆ: ಹಣ ಕಳಿಸಿದೆ, ಯೂಟ್ಯೂಬ್ ನೋಡಿ ಸಲಹೆ ಕೊಟ್ಟೆ. ಎಕರೆಗೆ ವರ್ಷಕ್ಕೆ 160 ಟನ್ ಮೇವು ಎಂದು ಕಂಡದ್ದೇ ತಡ, ರಾಗಿ ಬೆಳೆಯುತ್ತಿದ್ದ ಒಂದೆಕರೆಗೂ ನೇಪಿಯರ್ ಹಾಕಿಸಿದೆ.

ಆ ಅಂಕಿ ಪೂರಾ ಸುಳ್ಳಲ್ಲ. ಆಫ್ರಿಕಾದ ನೇಪಿಯರ್ ಹುಲ್ಲನ್ನು ಸಜ್ಜೆಯೊಡನೆ ಸಂಕರ ಮಾಡಿ ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯ ಕೊಟ್ಟ ಸಿಒ-4 ತಳಿ, ನೀರು, ಗೊಬ್ಬರ ಸರಿಯಾಗಿದ್ದರೆ ಹೆಚ್ಚುಕಡಿಮೆ ಅಷ್ಟು ಕೊಡುತ್ತದೆ. ಆದರೆ ಅದು ಹಸಿ ತೂಕ. ಐದರಲ್ಲಿ ನಾಲ್ಕು ಪಾಲು ನೀರು. ಆ ನೀರನ್ನೂ ತಲೆಯ ಮೇಲೆ ಹೊರುವವಳು ಅಮ್ಮ.

ಎಂಟೆಕ್ ಮಾಡಿದವನು ಈ ಲೆಕ್ಕವನ್ನು ಮೊದಲೇ ಹಾಕಬೇಕಿತ್ತು. ಹಸುವಿಗೆ ದಿನಕ್ಕೆ 25 ಕೆ.ಜಿ. ಹಸಿಮೇವು ಎಂದರೆ ಎರಡಕ್ಕೆ ವರ್ಷಕ್ಕೆ ಸುಮಾರು 18 ಟನ್. ಹೇಳಿದ ಇಳುವರಿಯಲ್ಲಿ ಅರ್ಧ ಬಂದರೂ ಹತ್ತು ಗುಂಟೆ ಸಾಕು. ಉಳಿದ ಮೂವತ್ತು ಗುಂಟೆಯಲ್ಲಿ ಕೊಯ್ಯುವವರಿಲ್ಲದೆ ಹುಲ್ಲು ಬಲಿಯಿತು. ನಲವತ್ತೈದು, ಐವತ್ತು ದಿನಕ್ಕೊಮ್ಮೆ ಕೊಯ್ಯದಿದ್ದರೆ ದಂಟು ಗಟ್ಟಿಯಾಗುತ್ತದೆ. ಹಸು ಎಲೆ ತಿಂದು ದಂಟು ಬಿಡುತ್ತದೆ. ಅತ್ತ ರಾಗಿಯೂ ಇಲ್ಲ, ಬಣವೆಯೂ ಇಲ್ಲ. ಬರೀ ಹಸಿಮೇವು ತಿಂದು ಹಸುಗಳು ತೆಳ್ಳಗೆ ಸಗಣಿ ಹಾಕತೊಡಗಿದಾಗ ಅಮ್ಮ ಒಣಹುಲ್ಲನ್ನು ದುಡ್ಡು ಕೊಟ್ಟು ತರಿಸಿದಳು. ನನಗೆ ಹೇಳಲಿಲ್ಲ. ಪಕ್ಕದ ಮನೆಯವರಿಂದ ಗೊತ್ತಾಯಿತು.

ಇನ್ನೊಂದು ಪೆದ್ದುತನ: ಕಡ್ಡಿಗಳನ್ನು ಆನ್‌ಲೈನ್‌ನಲ್ಲಿ ತರಿಸಿದ್ದು. ಅರ್ಧದಷ್ಟು ಒಣಗಿ ಬಂದವು. ಈ ಸಂಕರ ಹುಲ್ಲಿನ ಬೀಜ ಹುಟ್ಟುವುದಿಲ್ಲ, ಎರಡು ಗೆಣ್ಣಿನ ತುಂಡು ನೆಟ್ಟೇ ಬೆಳೆಸಬೇಕು. ಹಾಗಾಗಿ ಒಮ್ಮೆ ಬೆಳೆದವರ ಹೊಲದಲ್ಲಿ ಕಡ್ಡಿಗೆ ಬರವಿಲ್ಲ. ಕೇಳಿದ್ದರೆ ಊರಿನಲ್ಲೇ ಪುಕ್ಕಟೆ ಸಿಗುತ್ತಿತ್ತು.

ನೇಪಿಯರ್ ಬೇಡ ಎನ್ನುತ್ತಿಲ್ಲ. ನೀರಿರುವ ಕಡೆ, ಕೊಟ್ಟಿಗೆಯ ಹತ್ತಿರ, ನಾಲ್ಕೈದು ಗುಂಟೆಯಿಂದ ಶುರುಮಾಡಿ. ಹುಲ್ಲಿಗಿಂತ ಮೊದಲು ಮೇವು ಕತ್ತರಿಸುವ ಯಂತ್ರಕ್ಕೆ, ಹೊರೆ ತರಲು ಒಂದು ತಳ್ಳುಗಾಡಿಗೆ ದುಡ್ಡು ಕಳಿಸಿ. ದಿನಾ ಬೆಳಗ್ಗೆ ಕುಡುಗೋಲು ಹಿಡಿಯುವವರು ಯಾರು, ಅವರ ವಯಸ್ಸೆಷ್ಟು ಎಂದು ಕೇಳಿಕೊಂಡು ಆಮೇಲೆ ಎಕರೆ ಲೆಕ್ಕ ಹಾಕಿ.

ಮೇ ತಿಂಗಳಲ್ಲಿ ಹತ್ತು ದಿನ ರಜೆ ಹಾಕಿದ್ದೇನೆ. ಮೂವತ್ತು ಗುಂಟೆಯ ಬುಡ ಕೀಳಿಸಿದರೆ ಮಳೆಗೆ ರಾಗಿ ಬಿತ್ತಬಹುದು. ಜೆಸಿಬಿ ಕರೆಸೋಣವೇ ಎಂದು ಕೇಳಿದ್ದಕ್ಕೆ ಅಮ್ಮ, 'ಮೊದಲು ನೀನೇ ಒಂದು ಬುಡ ಕಿತ್ತು ನೋಡಪ್ಪ' ಎಂದಳು.