ಹರಕೆ ದಾರಿಯಲ್ಲೇ ಹೇಳಿಕೊಳ್ಳಿ
ತೋಟದಲ್ಲಿ ಕನ್ನಡಿ ಹಾವು, ಅಂದರೆ ಕೊಳಕುಮಂಡಲ ಕಚ್ಚಿದರೆ ನಮ್ಮ ಹಿರಿಯಡ್ಕದ ಕಡೆ ಮೊದಲು ನೆನಪಾಗುವುದು ನಾಗಬನ. ನಾಗನ ಮೇಲೆ ನಂಬಿಕೆ ನನಗೂ ಉಂಟು. ಆದರೆ ಈ ವಿಷಕ್ಕೆ ಮದ್ದು ಆಸ್ಪತ್ರೆಯ ಆ್ಯಂಟಿವೆನಮ್ ಮಾತ್ರ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿದ್ದೂ ಸುಮ್ಮನೆ ಅಲ್ಲ.

ಹಗ್ಗ ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಹಾವು ಹುಡುಕಬೇಡಿ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು 108ಕ್ಕೆ ಫೋನ್ ಮಾಡಿ. ಇಲ್ಲವೇ ಸಿಕ್ಕಿದ ಕಾರಲ್ಲಿ ಉಡುಪಿಗೋ ಮಣಿಪಾಲಕ್ಕೋ ಹೊರಡಿ. ಹರಕೆ ದಾರಿಯಲ್ಲೇ ಹೇಳಿಕೊಳ್ಳಿ. ತನು ಹಾಕುವುದು ಗುಣವಾದ ಮೇಲೆ.

ಮನೆಗೆ ಬಂದ ಮೇಲೂ ಮನೆಯವರಿಗೆ ಕೆಲಸ ಉಂಟು. ಈ ವಿಷ ಕಿಡ್ನಿಗೂ ಪೆಟ್ಟು ಕೊಡುತ್ತದೆ. ಮೂತ್ರ ಕಡಿಮೆಯಾದರೆ, ಒಸಡಲ್ಲಿ ರಕ್ತ ಕಂಡರೆ ತಕ್ಷಣ ಡಾಕ್ಟರಿಗೆ ತೋರಿಸಿ. ಹೆದರಿದ ಮನಸ್ಸಿಗೆ ಪ್ರಾರ್ಥನೆ ಧೈರ್ಯ ಕೊಡಲಿ, ತೋಟದ ಕೆಲಸ ಅಣ್ಣತಮ್ಮಂದಿರು ನೋಡಿಕೊಳ್ಳಲಿ.