ಊಟದ ಡೈರಿಯಲ್ಲಿ ಇಲ್ಲದ ಕಾಲಂ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಗಾದೆ ಹೇಳುವುದು ಊಟ ಬಲ್ಲವನ ಸಂಗತಿ. ಬಲ್ಲವಳ ಸುದ್ದಿ ಅದರಲ್ಲಿಲ್ಲ. ಇದು ಬರೀ ವ್ಯಾಕರಣದ ಮಾತು ಎಂದು ನಾನೂ ಇಷ್ಟು ವರ್ಷ ಸುಮ್ಮನಿದ್ದೆ. ನಾಲ್ಕು ತಿಂಗಳು ಊಟದ ಡೈರಿ ಬರೆದ ಮೇಲೆ, ಇದು ವ್ಯಾಕರಣದ್ದಲ್ಲ, ನಮ್ಮ ಅಡುಗೆಮನೆಯ ಮಾತು ಎಂದು ಖಾತ್ರಿಯಾಗಿದೆ.

ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೀರಿ, ರಕ್ತ ಕಡಿಮೆ ಇದೆ, ತೂಕ ಮಾತ್ರ ಹೆಚ್ಚಿದೆ ಎಂದು ಪೇಟೆಯ ದವಾಖಾನೆಯಲ್ಲಿ ಹೇಳಿದರು. ಅಲ್ಲಿಯ ಆಹಾರ ಸಲಹೆಗಾರರು ಅಚ್ಚು ಹಾಕಿಸಿದ ಡೈರಿಯೊಂದನ್ನು ಕೈಗಿತ್ತರು. ಬೆಳಿಗ್ಗೆ 8ಕ್ಕೆ ನಾಷ್ಟಾ, 11ಕ್ಕೆ ಹಣ್ಣು, ಮಧ್ಯಾಹ್ನ 1ಕ್ಕೆ ಊಟ, 5ಕ್ಕೆ ಚಹಾ, ರಾತ್ರಿ 8ಕ್ಕೆ ಊಟ. ಒಂದೊಂದರ ಮುಂದೆ ಏನು ತಿಂದಿರಿ, ಎಷ್ಟು ತಿಂದಿರಿ ಎಂಬ ಎರಡು ಕಾಲಂ. "ಏನೂ ಮುಚ್ಚಿಡದ ಬರೀರಿ" ಎಂದರು. ಲಕ್ಷ್ಮೇಶ್ವರಕ್ಕೆ ಬಂದು ಯಳವತ್ತಿಯ ಬಸ್ಸು ಹತ್ತುವಷ್ಟರಲ್ಲಿ, ನಾಳೆಯಿಂದ ನಾನು ಶಿಸ್ತಿನ ಹೆಂಗಸು ಎಂದು ನಿಶ್ಚಯಿಸಿಬಿಟ್ಟಿದ್ದೆ.

ಮೊದಲ ವಾರವೇ ಆ ಶಿಸ್ತು ಮುರಿಯಿತು. 8ರ ಮುಂದೆ ಬರೆಯಲು ಏನೂ ಇಲ್ಲ, ಆಗ ನಾನು ರೊಟ್ಟಿ ಬಡಿಯುತ್ತಿರುತ್ತೇನೆ. 8ಕ್ಕೊಂದು ಚಹಾ, 10ಕ್ಕೊಂದು ಚಹಾ, ಹೊಲದಿಂದ ಬಂದವರ ಜೊತೆ ಮತ್ತೊಂದು. ಗಂಡಸರ ಊಟ ಮುಗಿದು, ಮೊಮ್ಮಗನ ಊಟ ಮುಗಿದು, ನನ್ನ ತಾಟು ನೆಲಕ್ಕೆ ಬರುವ ಹೊತ್ತಿಗೆ 3 ಗಂಟೆ 10 ನಿಮಿಷ. ಅದರಲ್ಲಿ ಇದ್ದದ್ದಾದರೂ ಏನು? ಮೊಮ್ಮಗ ಬಿಟ್ಟ ಅನ್ನ, ಅದೆಷ್ಟು ಗ್ರಾಂ? ಬುಟ್ಟಿಯ ತಳದ ಒಂದೂವರೆ ರೊಟ್ಟಿ, ಕಾಳು ಖಾಲಿಯಾಗಿ ರಸ ಉಳಿದ ಮಡಕಿಕಾಳಿನ ಪಲ್ಯ. ಒಲೆಯ ಮುಂದೆ ನಿಂತೇ ಬಾಯಿಗೆ ಹಾಕಿಕೊಂಡ ಶೇಂಗಾ ಯಾವ ಹೊತ್ತಿನ ಲೆಕ್ಕಕ್ಕೆ ಸೇರಬೇಕು? ಚೆಲ್ಲಬಾರದೆಂದು ತಿಂದದ್ದು ಹಸಿವೆಗೆ ತಿಂದದ್ದೇ? ಇದನ್ನೆಲ್ಲ ಇದ್ದಂತೆಯೇ ಬರೆದೆ.

ತಿಂಗಳ ಮೇಲೆ ಡೈರಿ ತೋರಿಸಿದಾಗ ಅದರ ಮೇಲೆ ಕೆಂಪು ಸುತ್ತುಗಳು ಬಿದ್ದವು. ದಿನಕ್ಕೆ ಆರು ಚಹಾ, ರಾತ್ರಿ 10:30ಕ್ಕೆ ಊಟ. "ಬಾಯಿ ಮ್ಯಾಲ ಹಿಡಿತ ಬೇಕ್ರಿ ನಿಮಗ" ಎಂಬ ಬುದ್ಧಿಮಾತು ಬೇರೆ. ನನ್ನ ಜಗಳ ಇರುವುದು ಈ ಒಂದು ಮಾತಿನ ಜೊತೆ.

ಡೈರಿ ಬರೆಯುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಸುಮಾರು 1,700 ಜನರ ಪೈಕಿ ದಿನವೂ ಊಟ ಬರೆದಿಟ್ಟವರು ಬರೆಯದವರಿಗಿಂತ ಇಮ್ಮಡಿ ತೂಕ ಇಳಿಸಿದರು. ಬರೆದರೆ ಕಣ್ಣು ತೆರೆಯುತ್ತದೆ, ನಿಜ. ಆದರೆ ಆ ಡೈರಿ, ತನ್ನ ಊಟದ ಹೊತ್ತನ್ನೂ ಪಾಲನ್ನೂ ತಾನೇ ನಿರ್ಧರಿಸುವವರಿಗೆ ಹೇಳಿ ಮಾಡಿಸಿದ್ದು. ನಮ್ಮ ಮನೆಗಳಲ್ಲಿ ಹೆಂಗಸಿನ ಊಟ ಅವಳ ನಿರ್ಧಾರವೇ? ಅದು ಉಳಿದದ್ದು. ಏನು ಉಳಿಯಿತೋ, ಎಷ್ಟು ಉಳಿಯಿತೋ, ಯಾವಾಗ ಉಳಿಯಿತೋ ಅದು. ಹಸಿವೆಯನ್ನು ಚಹಾದಿಂದ ಮುಂದೂಡುವವಳಿಗೆ ಬಾಯಿಚಪಲ ಎಂದರೆ ಯಾವ ನ್ಯಾಯ?

ಆಹಾರ ವಿಜ್ಞಾನಿಗಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 1918ರಲ್ಲಿ ಕೂನೂರಿನಲ್ಲಿ ಹುಟ್ಟಿದ್ದು. ನಮ್ಮ ದೇಶದ ಆಹಾರ ಸಮೀಕ್ಷೆಗಳಲ್ಲಿ ಮನೆಯ ಒಟ್ಟು ಅಡುಗೆಯನ್ನು ಪಾಲು ಹಾಕಲು ಒಂದು ಲೆಕ್ಕವಿದೆ. ಕುಳಿತು ಕೆಲಸ ಮಾಡುವ ಗಂಡಸಿಗೆ 1 ಪಾಲು, ಕುಳಿತು ಕೆಲಸ ಮಾಡುವ ಹೆಂಗಸಿಗೆ 0.8, ಭಾರೀ ದುಡಿಮೆಯ ಗಂಡಸಿಗೆ 1.6, ಭಾರೀ ದುಡಿಮೆಯ ಹೆಂಗಸಿಗೆ 1.2. ಅಂದರೆ ಮೆಣಸಿನಕಾಯಿ ಹೊಲದಲ್ಲಿ ದಿನವಿಡೀ ಬೆನ್ನು ಬಾಗಿಸಿ ದುಡಿಯುವವಳಿಗೆ, ಕುರ್ಚಿಯಲ್ಲಿ ಕುಳಿತವನಿಗಿಂತ ಹೆಚ್ಚು ಊಟ ಬೇಕು. ಕಾಗದದ ಈ ಪಾಲು ಅವಳ ತಾಟಿಗೆ ಬಂದದ್ದನ್ನು ಯಾರಾದರೂ ಕಂಡಿದ್ದೀರಾ? ಮನೆಯಲ್ಲಿ ಎಷ್ಟು ಬೇಯಿತು ಎಂದು ಅಳೆದರೆ ಯಾರು ಎಷ್ಟು ಉಂಡರು ಎಂಬುದು ಗೊತ್ತಾಗುವುದಿಲ್ಲ. ಅದಕ್ಕೆ ಒಬ್ಬೊಬ್ಬರನ್ನೇ ಕೇಳಬೇಕು.

ಕೇಳದಿದ್ದರೆ ಏನಾಗುತ್ತದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ. ದೇಶದಲ್ಲಿ ಅದು 57. ಅದೇ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ನೂರಕ್ಕೆ 30 ಹೆಂಗಸರಿಗೆ ತೂಕ ಹೆಚ್ಚು. ರಕ್ತವಿಲ್ಲ, ಬೊಜ್ಜಿದೆ. ಪಲ್ಯ, ಕಾಳು, ಮೊಸರು ಮೊದಲು ಕುಳಿತವರ ತಾಟಿಗೆ ಹೋಗಿ, ಅನ್ನ ಮತ್ತು ಸಕ್ಕರೆ ಚಹಾ ಕೊನೆಯವಳ ಪಾಲಿಗೆ ಉಳಿದರೆ ಇನ್ನೇನಾದೀತು?

ಇಷ್ಟು ಹೇಳಿ ನಾನು ಪಾರಾಗುವಂತಿಲ್ಲ. ಸಿಟ್ಟಿನಿಂದ ಆ ಡೈರಿಗೆ ಸ್ಕೇಲಿಟ್ಟು ಮೂರನೆಯ ಕಾಲಂ ಗೀಚಿದೆ, 'ಯಾರ ನಂತರ' ಎಂದು. ಗಂಡನ ನಂತರ, ಮಗನ ನಂತರ, ಮೊಮ್ಮಗನ ನಂತರ ಎಂದು ದಿನವೂ ಬರೆದೆ. ಒಂದು ದಿನ ಬರೆಯುತ್ತಿರುವಾಗಲೇ ಪಾತ್ರೆ ಕೆರೆಯುವ ಸಪ್ಪಳ ಕೇಳಿಸಿತು. ನನ್ನ ನಂತರ ಉಣ್ಣುವವಳು ಒಬ್ಬಳಿದ್ದಳು. ಐದು ತಿಂಗಳ ಬಸುರಿ ಸೊಸೆ. ಮರುದಿನದಿಂದ ಒಂದು ವಾರ ಅವಳ ಊಟವನ್ನೂ ಬರೆದೆ. ಹೊತ್ತು 3:40, ರೊಟ್ಟಿ ಒಂದು, ಗುರೆಳ್ಳು ಚಟ್ನಿ, ಪಲ್ಯ ಇಲ್ಲ. ಹಿಮೋಗ್ಲೋಬಿನ್ ನೋಡಿಸಿದರೆ 8.9. ಬಸುರಿಗೆ ಕನಿಷ್ಠ 11 ಇರಬೇಕು. ನನ್ನ ಅತ್ತೆ ನನಗೆ ಮಾಡಿದ್ದನ್ನು ನಾನು ಇವಳಿಗೆ ಮಾಡಿದ್ದೆ. ಯಾವತ್ತೂ ಜೋರು ಮಾಡಿದವಳಲ್ಲ. ಅವಳ ಊಟವಾಯಿತೇ ಎಂದು ಕೇಳಲೂ ಇಲ್ಲ.

ಬಡಿಸಿ ಉಣ್ಣುವುದೇ ನಮ್ಮ ಸಂಸ್ಕೃತಿ, ಗಂಡಸರಿಗೆ ಬಿಸಿ ರೊಟ್ಟಿ ಬೇಕಲ್ಲ ಎಂದು ನಮ್ಮ ಹೆಂಗಸರೇ ನನ್ನ ಮೇಲೆ ಬಂದಾರು. ಬಡಿಸುವುದು ಬೇಡ ಎಂದವರಾರು? ಬಡಿಸಿ, ಕುಳಿತುಕೊಳ್ಳಿ. ಬಿಸಿಯದೇ ಕಾರಣವಾದರೆ, ವಾರಗಟ್ಟಲೆ ಕೆಡದ ಖಡಕ್ ರೊಟ್ಟಿ ನಮ್ಮ ಸೀಮೆಯಲ್ಲಿ ಇರುವುದು ಯಾತಕ್ಕೆ? ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಲಿಕ್ಕೇ ಅಲ್ಲವೇ?

ಈಗ ನಮ್ಮ ಮನೆಯಲ್ಲಿ 1:30ಕ್ಕೆ ಎಲ್ಲ ತಾಟುಗಳೂ ಒಮ್ಮೆಗೇ ಬೀಳುತ್ತವೆ. ಪಲ್ಯ ಮೊದಲು ಸೊಸೆಯ ತಾಟಿಗೆ. ಮೊದಲ ವಾರ ನಮ್ಮವರು ಮುಖ ಗಂಟಿಕ್ಕಿದರು, ಎರಡನೆಯ ವಾರ ತಾವೇ ನೀರಿನ ತಂಬಿಗೆ ತಂದಿಟ್ಟರು. ಡೈರಿಯ ಕೊನೆಯ ಪುಟದಲ್ಲಿ ಅಚ್ಚಾಗಿದ್ದ ಓಟ್ಸು, ಬಾದಾಮಿ ಯಾವುದನ್ನೂ ತರಲಿಲ್ಲ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಶೇಂಗಾದಲ್ಲಿ ಸುಮಾರು 25. ಮೆಂತೆ ಪಲ್ಯಕ್ಕೆ ಲಿಂಬೆ ಹಿಂಡಿದರೆ ಕಬ್ಬಿಣದಂಶ ಮೈಗೆ ಹತ್ತುತ್ತದೆ, ಊಟದ ಜೊತೆಗೇ ಚಹಾ ಕುಡಿದರೆ ಹತ್ತುವುದಿಲ್ಲ. ಹೊತ್ತಿಗೆ ಉಂಡ ಮೇಲೆ ನನ್ನ ಚಹಾ ತಾನಾಗಿಯೇ ಎರಡಕ್ಕಿಳಿಯಿತು. ಸೊಸೆಯ ರಕ್ತ ಎರಡು ತಿಂಗಳಲ್ಲಿ 10.4 ಆಗಿದೆ. ವೈದ್ಯರು ಕೊಟ್ಟ ಕಬ್ಬಿಣದ ಗುಳಿಗೆಯಿಂದಲೋ, ಊಟದಿಂದಲೋ ಎಂದು ನಾನು ವಾದಕ್ಕೆ ನಿಲ್ಲುವುದಿಲ್ಲ. ಗುಳಿಗೆಯೂ ಬೇಕು, ಊಟವೂ ಬೇಕು.

ಆಹಾರ ಸಲಹೆ ಕೊಡುವವರಲ್ಲಿ ನನ್ನದೊಂದೇ ಬೇಡಿಕೆ. ಹೆಂಗಸಿನ ಬಾಯಿಗೆ ಬುದ್ಧಿ ಹೇಳುವ ಮೊದಲು ಅವಳು ಯಾರ ನಂತರ ಉಂಡಳು ಎಂದು ಕೇಳಿ, ಆಮೇಲೆ ಕೆಂಪು ಸುತ್ತು ಹಾಕಿ. ಓದುತ್ತಿರುವ ಅಕ್ಕತಂಗಿಯರೇ, ನೀವೂ ಡೈರಿ ಬರೆಯಿರಿ. ಅದಕ್ಕೆ ಮೂರನೆಯ ಕಾಲಂ ನೀವೇ ಗೀಚಿಕೊಳ್ಳಿ. ಬರೆದಾದ ಮೇಲೆ, ನಿಮ್ಮ ನಂತರ ಉಣ್ಣುವವರು ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ಒಳಮನೆಗೆ ಹೋಗಿ ನೋಡಿ ಬನ್ನಿ.